ಪಾಸ್‌ವರ್ಡ್ ಪುರಾಣ

ಮನುಷ್ಯನಿಗೆ ಮಾತು ಬಂದ ಹೊತ್ತಿನಲ್ಲಿಯೇ ಗುಟ್ಟೂ ಬಂದಿರಬೇಕು. ಹೇಳತಕ್ಕದ್ದನ್ನು ಹೇಳಲು ಕಲಿತವನು, ಹೇಳಬಾರದ್ದನ್ನು ಬಚ್ಚಿಡಲೂ ಕಲಿತನು. ಆದರೆ ಹಿಂದಿನವರ ಗುಟ್ಟುಗಳು ಎಣಿಕೆಗೆ ಸಿಕ್ಕುವಷ್ಟಿದ್ದುವು: ಹೊಲದ ಮೂಲೆಯಲ್ಲಿ ಹೂತಿಟ್ಟ ಗಂಟು, ನಾಟಿವೈದ್ಯನ ಬೇರು, ಮನೆಮಾತು. ನಮ್ಮ ಕಾಲದವರ ಪಾಡು ಹಾಗಲ್ಲ. ಮೊಬೈಲು ತೆರೆಯಲು ಒಂದು ಗುಟ್ಟು, ಮಿಂಚಂಚೆಗೆ ಇನ್ನೊಂದು, ವಿದ್ಯಾರ್ಥಿವೇತನದ ಅರ್ಜಿಗೆ ಮತ್ತೊಂದು, ಪರೀಕ್ಷೆಯ ಶುಲ್ಕ ಕಟ್ಟಲು ಮಗದೊಂದು, ಬ್ಯಾಂಕಿನ ಕಾರ್ಡಿಗೆ ನಾಲ್ಕಂಕಿಯದು, ಹಣ ಕಳುಹಿಸಲು ಆರಂಕಿಯದು. ಹದಿನಾರರ ಮಗ್ಗಿಯನ್ನೇ ಅರ್ಧಕ್ಕೆ ಮರೆಯುವ ನಮಗೆ ಇಷ್ಟೊಂದು ಗುಟ್ಟುಗಳನ್ನು ನೆನಪಿಡುವ ಶಿಕ್ಷೆ ಒದಗಿ ಬಂದಿದೆ. ಈ ಗುಟ್ಟಿಗೆ ಪಾಸ್‌ವರ್ಡ್ ಎಂದು ಹೆಸರು. ಕನ್ನಡದಲ್ಲಿ ಗುಪ್ತಪದ ಎನ್ನುವರು. ಇದು ಎಲ್ಲಿಂದ ಬಂದಿತು, ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಸೋರುತ್ತದೆ ಎಂಬುದನ್ನು ನನಗೆ ತಿಳಿದಮಟ್ಟಿಗೆ ವಿವರಿಸುವುದು ಈ ಲೇಖನದ ಉದ್ದೇಶ.

ಗುಪ್ತಪದದ ಕಥೆ ಎಂದೊಡನೆ ನೆನಪಾಗುವವನು ಅಲಿಬಾಬಾ. ನಲವತ್ತು ಮಂದಿ ಕಳ್ಳರ ಗವಿ ಒಂದು ಮಾತಿಗೆ ಬಾಗಿಲು ತೆರೆಯುತ್ತಿತ್ತು. ಆ ಮಾತಿನಲ್ಲಿದ್ದ ಸೆಸಮೆ ಎಂದರೆ ಮತ್ತೇನೂ ಅಲ್ಲ, ನಮ್ಮ ಎಳ್ಳು. ಕನ್ನಡದ ಹುಡುಗರ ಬಾಯಲ್ಲಿ ಅದು ಸೇಸಮ್ಮನಾಯಿತು. ಅಲಿಬಾಬಾನ ಅಣ್ಣ ಕಾಸಿಂ ಒಳಗೆ ಹೋದವನು ಚಿನ್ನ ಕಂಡ ಸಂಭ್ರಮದಲ್ಲಿ ಎಳ್ಳನ್ನು ಮರೆತು, ಬೇರೆ ಬೇರೆ ಧಾನ್ಯಗಳ ಹೆಸರನ್ನೆಲ್ಲ ಕೂಗಿ, ಕೊನೆಗೆ ಕಳ್ಳರ ಕೈಗೆ ಸಿಕ್ಕಿ ಸತ್ತನು. ಅವನ ಜಾಗದಲ್ಲಿ ನಮ್ಮ ಚಳ್ಳಕೆರೆಯ ವರ್ತಕನಿದ್ದಿದ್ದರೆ ಮೊದಲು ಶೇಂಗಾ ಎಂದೇ ಕೂಗಿರುತ್ತಿದ್ದನು! ನಗೆ ಹಾಗಿರಲಿ, ಈ ಕಥೆಯಲ್ಲಿ ಗುಪ್ತಪದದ ದೋಷಗಳೆಲ್ಲ ಅಡಗಿವೆ. ನಲವತ್ತು ಜನಕ್ಕೂ ಒಂದೇ ಪದ. ಅದನ್ನು ಗಟ್ಟಿಯಾಗಿ ಕೂಗಬೇಕು. ಮರದ ಮೇಲಿದ್ದವನು ಒಂದು ಸಲ ಕೇಳಿಸಿಕೊಂಡರೆ ಮುಗಿಯಿತು. ಮೂರನೆಯವನಿಗೆ ಗುಟ್ಟು ತಿಳಿದಿದೆಯೆಂದು ಗೊತ್ತಾದ ಮೇಲೂ ಕಳ್ಳರು ಆ ಪದವನ್ನು ಬದಲಿಸಲಿಲ್ಲ. ಕಳ್ಳರಾದರೂ ಜಾಣರಲ್ಲ.

ಗುಪ್ತಪದದ ನಿಜವಾದ ಕೆಲಸ ಬಾಗಿಲು ಮುಚ್ಚುವುದಲ್ಲ. "ನೀನು ಯಾರು?" ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಅದರ ಕೆಲಸ. ಈ ಪ್ರಶ್ನೆ ಬಲು ಹಳೆಯದು. ಅದರ ಒಂದು ಹಳೆಯ ಉತ್ತರ ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಳ ಮೇಲೆಯೇ ಇದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆಗಳಲ್ಲಿ ಅಶೋಕನ ಶಾಸನಗಳಿರುವುದನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಪತ್ತೆಹಚ್ಚಿದರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕುಶಲ ಕೇಳಿ ಕಳುಹಿಸಿದ ಆಜ್ಞೆ ಅದು. ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಶಾಸನವೆಲ್ಲವೂ ಎಡದಿಂದ ಬಲಕ್ಕೆ ಓದುವ ಬ್ರಾಹ್ಮೀ ಲಿಪಿಯಲ್ಲಿದ್ದರೆ, ಚಪಡನು 'ಲಿಪಿಕಾರನಿಂದ' ಎಂಬರ್ಥದ ಕಡೆಯ ಪದವೊಂದನ್ನು ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ದೂರದ ಗಾಂಧಾರದ ಕಡೆಯ ಲಿಪಿ. ನಮ್ಮ ಸೀಮೆಯ ಜನರಿಗೆ ಪರಿಚಯವಿಲ್ಲದ್ದು. ಅವನು ಏಕೆ ಹಾಗೆ ಬರೆದನೋ ಅವನೇ ಬಲ್ಲ. ಆದರೆ ಇನ್ನೊಬ್ಬರು ಸುಲಭವಾಗಿ ಬರೆಯಲಾರದ ಒಂದು ಗುರುತನ್ನು ಆತ ಬಿಟ್ಟುಹೋದನೆಂಬುದು ದಿಟ. "ಇದನ್ನು ಬರೆದವನು ನಾನೇ" ಎಂದು ಬಂಡೆಯ ಮೇಲೆ ಹಾಕಿದ ರುಜು ಅದು.

ಇನ್ನೊಂದು ವಿನೋದವಿದೆ. ಅದೇ ಶಾಸನದಲ್ಲಿ 256 ಎಂಬ ಸಂಖ್ಯೆ ಕೊರೆದಿದೆ. ಅದು ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವೆಂದು ವಿದ್ವಾಂಸರು ಅರ್ಥಮಾಡಿದ್ದಾರೆ. ಇಂದು ಬ್ಯಾಂಕುಗಳೂ ಸರ್ಕಾರಗಳೂ ತಮ್ಮ ರಹಸ್ಯಗಳನ್ನು ಕಾಪಾಡಲು ಬಳಸುವ ಬಲವಾದ ಗೂಢಲಿಪಿಯೊಂದರ ಕೀಲಿಯ ಉದ್ದವೂ 256 ಬಿಟ್ಟುಗಳೇ. ಇದು ಕೇವಲ ಕಾಕತಾಳೀಯ. ಇದರಿಂದ ನಮ್ಮ ಪೂರ್ವಿಕರಿಗೆ ಗಣಕಯಂತ್ರ ತಿಳಿದಿತ್ತೆಂದು ಯಾರೂ ಭಾಷಣ ಮಾಡಬೇಕಾಗಿಲ್ಲ.

"ನೀನು ಯಾರು?" ಎಂಬ ಪ್ರಶ್ನೆಗೆ ಮೂರು ವಿಧದ ಉತ್ತರಗಳಿವೆಯೆಂದು ಈ ವಿಷಯದ ತಜ್ಞರು ಹೇಳುವರು. ಮನಸ್ಸಿನಲ್ಲಿರುವುದು, ಕೈಯಲ್ಲಿರುವುದು, ಮೈಯಲ್ಲಿರುವುದು. ಗುಪ್ತಪದ ಮನಸ್ಸಿನಲ್ಲಿರುವುದು. ಕಾರ್ಡು, ಮೊಬೈಲು ಮೊದಲಾದುವು ಕೈಯಲ್ಲಿರುವುವು. ಹನುಮಂತನು ಲಂಕೆಯಲ್ಲಿ ಸೀತೆಗೆ ತೋರಿಸಿದ ಉಂಗುರ ಈ ಎರಡನೆಯ ಜಾತಿಯದು. ಬಂದ ಕಪಿ ರಾಮನ ಕಡೆಯವನೋ ರಾವಣನ ಮಾಯೆಯೋ ಎಂದು ಸೀತೆ ಶಂಕಿಸಿದ್ದು ಸರಿಯಾಗಿಯೇ ಇತ್ತು. ಇಂದು ದೂರವಾಣಿಯಲ್ಲಿ ಬರುವ ಅಪರಿಚಿತರ ವಿಷಯದಲ್ಲಿಯೂ ಅದೇ ಶಂಕೆ ಇರತಕ್ಕದ್ದು. ಕೈಯಲ್ಲಿರುವುದು ಕಳೆದುಹೋದರೆ ಏನು ಗತಿ ಎಂಬುದಕ್ಕೆ ಶಕುಂತಲೆಯ ಉಂಗುರವೇ ಸಾಕ್ಷಿ. ಮೂರನೆಯದು ಬೆರಳಚ್ಚು, ಕಣ್ಣಿನ ಪಾಪೆ ಇತ್ಯಾದಿ. ಇದನ್ನು ಮರೆಯುವ ಭಯವಿಲ್ಲ. ಆದರೆ ಕದ್ದರೆ ಬದಲಿಸುವ ಉಪಾಯವೂ ಇಲ್ಲ. 2023ರಲ್ಲಿ ನಮ್ಮ ರಾಜ್ಯದಲ್ಲಿಯೇ, ಆಸ್ತಿ ನೋಂದಣಿಯ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ ಜನರ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು ಬೆಳಕಿಗೆ ಬಂದುವು. ಹೀಗಾಗಿ ಮೂರರಲ್ಲಿ ಯಾವುದೊಂದನ್ನೇ ನಂಬುವುದು ಕ್ಷೇಮವಲ್ಲ. ಎರಡನ್ನು ಕೂಡಿಸಿ ಕೇಳುವುದು ಲೇಸು. ಪಾಸ್‌ವರ್ಡ್ ಕೊಟ್ಟ ಮೇಲೂ ಮೊಬೈಲಿಗೆ ಓಟಿಪಿ ಬರುವುದರ ಕಾರಣವಿಷ್ಟೆ.

ಗಣಕಯಂತ್ರಕ್ಕೆ ಪಾಸ್‌ವರ್ಡ್ ಅಂಟಿಕೊಂಡದ್ದು 1960ರ ದಶಕದ ಆರಂಭದಲ್ಲಿ. ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಎಂಬ ವಿಜ್ಞಾನಿಯ ನೇತೃತ್ವದಲ್ಲಿ, ಒಂದೇ ಯಂತ್ರವನ್ನು ಅನೇಕರು ಹಂಚಿಕೊಂಡು ಬಳಸುವ ವ್ಯವಸ್ಥೆಯೊಂದು ಸಿದ್ಧವಾಯಿತು. ಒಬ್ಬರ ಕಡತ ಇನ್ನೊಬ್ಬರ ಕಣ್ಣಿಗೆ ಬೀಳಬಾರದೆಂದು ಒಬ್ಬೊಬ್ಬರಿಗೂ ಒಂದೊಂದು ಪದ ಕೊಟ್ಟರು. ಪದ ಬಂದ ಹಿಂದೆಯೇ ಕಳವೂ ಬಂದಿತು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧಕ ವಿದ್ಯಾರ್ಥಿ, ತನಗೆ ಕೊಟ್ಟ ಯಂತ್ರದ ಸಮಯ ಸಾಲದೆ, ಎಲ್ಲರ ಪದಗಳಿದ್ದ ಕಡತವನ್ನೇ ಅಚ್ಚುಹಾಕಿಸಿಕೊಂಡನು. ವಿದ್ಯಾರ್ಥಿಗಳ ಬುದ್ಧಿ ಎಲ್ಲ ದೇಶಗಳಲ್ಲಿಯೂ ಒಂದೇ ಎಂದು ಇದರಿಂದ ತಿಳಿದುಬರುತ್ತದೆ. 1966ರಲ್ಲಂತೂ ಎರಡು ಕಡತಗಳು ಅದಲುಬದಲಾಗಿ, ಯಂತ್ರದ ಮುಂದೆ ಕುಳಿತವರಿಗೆಲ್ಲ ಆ ದಿನದ ಸೂಚನೆಯ ಬದಲು ಸಮಸ್ತರ ಪಾಸ್‌ವರ್ಡ್‌ಗಳೂ ಕಾಣಿಸಿಕೊಂಡುವು!

ಪದಗಳನ್ನು ಇದ್ದಂತೆಯೇ ಬರೆದಿಡುವುದು ಅಪಾಯವೆಂದು ಆಗ ಅರ್ಥವಾಯಿತು. ಹಾಗಾದರೆ ಬರೆದಿಡದೆ ಪರೀಕ್ಷಿಸುವುದೆಂತು? ಇದಕ್ಕೆ ಕಂಡುಕೊಂಡ ಉಪಾಯವನ್ನು ಎಣ್ಣೆಯ ಊರಾದ ಚಳ್ಳಕೆರೆಯವರಿಗೆ ತಿಳಿಸುವುದು ಕಷ್ಟವಲ್ಲ. ಶೇಂಗಾವನ್ನು ಮಿಲ್ಲಿಗೆ ಹಾಕಿದರೆ ಎಣ್ಣೆ ಬರುತ್ತದೆ. ಎಣ್ಣೆಯನ್ನು ಮಿಲ್ಲಿಗೆ ಹಾಕಿದರೆ ಶೇಂಗಾ ಬಾರದು. ಹಾಗೆಯೇ ನಾವು ಕೊಟ್ಟ ಪದವನ್ನು ಒಂದು ಗಣಿತದ ಗಾಣಕ್ಕೆ ಹಾಕಿ, ಹೊರಬಂದ ಹಿಂಡಿದ ರೂಪವನ್ನಷ್ಟೇ ಯಂತ್ರ ಇಟ್ಟುಕೊಳ್ಳುವುದು. ಇದಕ್ಕೆ ಹ್ಯಾಷ್ ಎಂದು ಹೆಸರು. ಮರುದಿನ ನಾವು ಮತ್ತೆ ಪದ ಕೊಟ್ಟಾಗ ಅದನ್ನೂ ಅದೇ ಗಾಣಕ್ಕೆ ಹಾಕಿ, ಎರಡು ರೂಪಗಳು ಒಂದೇ ಆಗಿದ್ದರೆ ಬಾಗಿಲು ತೆರೆಯುವುದು. ಕಳ್ಳನ ಕೈಗೆ ಕಡತ ಸಿಕ್ಕರೂ ಅವನಿಗೆ ಕಾಳು ಸಿಕ್ಕುವುದಿಲ್ಲ. ಆದರೆ ಒಂದೇ ಪದ ಇಟ್ಟುಕೊಂಡ ಇಬ್ಬರಿಗೂ ಒಂದೇ ರೂಪ ಬರುವುದಷ್ಟೆ? ಅದನ್ನು ತಪ್ಪಿಸಲು ಒಬ್ಬೊಬ್ಬರ ಪದಕ್ಕೂ ಬೇರೆ ಬೇರೆ ಅಕ್ಷರಗಳನ್ನು ಬೆರೆಸಿ ಹಿಂಡುವರು. ಈ ಬೆರಕೆಗೆ ಅವರು ಇಟ್ಟ ಹೆಸರು ಉಪ್ಪು ಎಂದೇ. ಒಂದೇ ಮಾವಿನಕಾಯಿಯಾದರೂ ಮನೆಮನೆಯ ಉಪ್ಪಿನಕಾಯಿಗೆ ಬೇರೆ ಬೇರೆ ರುಚಿ ಬರುವಂತೆ ಇದು. 1979ರಲ್ಲಿ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಇದನ್ನು ಲೇಖನವಾಗಿ ಬರೆದು ಪ್ರಕಟಿಸಿದರು. ಇಷ್ಟು ಹಳೆಯ ಉಪಾಯವನ್ನು ಮರೆತು, ರಾಕ್‌ಯೂ ಎಂಬ ಕಂಪನಿ ತನ್ನ 3 ಕೋಟಿಗೂ ಮೀರಿದ ಪದಗಳನ್ನು ಇದ್ದಂತೆಯೇ ಇಟ್ಟುಕೊಂಡಿತ್ತು. 2009ರಲ್ಲಿ ಅವೆಲ್ಲ ಕಳುವಾದುವು. ಅವುಗಳಲ್ಲಿ ಅತಿ ಹೆಚ್ಚು ಜನ ಇಟ್ಟುಕೊಂಡಿದ್ದ ಪದ 123456!

ಇಲ್ಲಿಗೆ ನಮ್ಮ ಕರ್ತವ್ಯದ ಭಾಗ ಬಂದಿತು. ಒಳ್ಳೆಯ ಪದ ಯಾವುದು? ಸ್ವಲ್ಪ ಲೆಕ್ಕ ಮಾಡೋಣ. ನಾಲ್ಕಂಕಿಯ ಸಂಖ್ಯೆಗಳು ಒಟ್ಟು 10,000. ಇಷ್ಟು ಕಡಮೆ ಇದ್ದರೂ ಬ್ಯಾಂಕಿನ ಕಾರ್ಡು ಸುರಕ್ಷಿತವಾಗಿರುವುದಕ್ಕೆ ಕಾರಣ, ಕೆಲವೇ ಸಲ ತಪ್ಪು ಒತ್ತಿದರೆ ಯಂತ್ರ ಬಾಯಿ ಮುಚ್ಚಿಕೊಳ್ಳುವುದು. ಆದರೆ ಹುಟ್ಟಿದ ಇಸವಿಯನ್ನೇ ಇಟ್ಟುಕೊಂಡವನು ಹತ್ತು ಸಾವಿರವನ್ನು ನೂರರೊಳಕ್ಕೆ ಇಳಿಸಿ ಕಳ್ಳನಿಗೆ ಉಪಕಾರ ಮಾಡಿದಂತಾಯಿತು. ಇಂಗ್ಲಿಷಿನ 26 ಸಣ್ಣ ಅಕ್ಷರಗಳಿಂದ ಎಂಟಕ್ಷರದ ಪದಗಳನ್ನು ಮಾಡಿದರೆ ಸುಮಾರು 20,882 ಕೋಟಿ ಆಗುವುವು. ದೊಡ್ಡ ಸಂಖ್ಯೆಯೇ ಸರಿ. ಆದರೆ ಕದ್ದ ಕಡತವನ್ನು ಮುಂದಿಟ್ಟುಕೊಂಡು ಸೆಕೆಂಡಿಗೆ ನೂರಾರು ಕೋಟಿ ಊಹೆ ಮಾಡುವ ಯಂತ್ರಗಳಿಗೆ ಇದು ಕೆಲವು ನಿಮಿಷಗಳ ಕೆಲಸ. ಅದರ ಬದಲು 2,000 ಸಾಮಾನ್ಯ ಮಾತುಗಳ ಪಟ್ಟಿಯಿಂದ, ಚೀಟಿ ಎತ್ತಿದಂತೆ, ಸಂಬಂಧವಿಲ್ಲದ ನಾಲ್ಕನ್ನು ಆರಿಸಿ ಜೋಡಿಸಿದರೆ 16 ಲಕ್ಷ ಕೋಟಿ ಸಾಧ್ಯತೆಗಳಾಗುವುವು. ಐದನ್ನು ಜೋಡಿಸಿದರೆ ಅದರ ಎರಡು ಸಾವಿರ ಪಟ್ಟು. ಕಂಬಳಿ, ಬಿಂದಿಗೆ, ನವಿಲು, ಜಟಕಾ, ಸೀಗೆಕಾಯಿ ಎಂಬಂಥ ಸಾಲು ನೆನಪಿಗೂ ಸುಲಭ, ಊಹೆಗೂ ನಿಲುಕದು. (ಇದೇ ಸಾಲನ್ನು ಯಾರೂ ಇಟ್ಟುಕೊಳ್ಳಬಾರದು, ಅಚ್ಚಾದ ಗುಟ್ಟು ಗುಟ್ಟಲ್ಲ.) 2011ರಲ್ಲಿ ಎಕ್ಸ್‌ಕೆಸಿಡಿ ಎಂಬ ಹಾಸ್ಯಚಿತ್ರಮಾಲೆಯಲ್ಲಿ ರಾಂಡಲ್ ಮನ್ರೋ ಈ ವಿಚಾರವನ್ನು ಚಿತ್ರಿಸಿ ಲೋಕಪ್ರಿಯಗೊಳಿಸಿದನು.

ಪಂಡಿತರ ಮತವೂ ಈಗ ಇದೇ. 2003ರಲ್ಲಿ ಬಿಲ್ ಬರ್ ಎಂಬ ಅಧಿಕಾರಿ ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆಗಾಗಿ ಬರೆದ ನಿಯಮಗಳಿಂದ, ದೊಡ್ಡಕ್ಷರ, ಅಂಕಿ, ಚಿಹ್ನೆಗಳ ಬೆರಕೆಯೂ ಆಗಾಗ ಪದ ಬದಲಿಸುವ ಪದ್ಧತಿಯೂ ಎಲ್ಲೆಡೆ ಹಬ್ಬಿದುವು. ಜನ ಮಾಡಿದ್ದೇನು? ಹಳೆಯ ಪದದ ಕೊನೆಯಲ್ಲಿ 1 ಇದ್ದುದನ್ನು 2 ಮಾಡಿದರು. 2017ರಲ್ಲಿ ಆ ಸಂಸ್ಥೆ ತನ್ನ ನಿಯಮಗಳನ್ನು ತಿದ್ದಿ, ಪದ ಉದ್ದವಾಗಿರಲಿ, ಸೋರಿದೆಯೆಂದು ತಿಳಿದಾಗ ಬದಲಿಸಿದರೆ ಸಾಕು ಎಂದು ಹೇಳಿತು. ತನ್ನ ಹಳೆಯ ಸಲಹೆಗಳಲ್ಲಿ ಬಹಳಷ್ಟಕ್ಕೆ ಬರ್ ಅವರೇ ವಿಷಾದ ಸೂಚಿಸಿದರು.

ಇನ್ನು ಸಿನಿಮಾದ ವಿಷಯ. 1983ರ 'ವಾರ್‌ಗೇಮ್ಸ್' ಎಂಬ ಇಂಗ್ಲಿಷ್ ಚಿತ್ರದಲ್ಲಿ, ಒಬ್ಬ ಹುಡುಗ ಸೇನೆಯ ಗಣಕಯಂತ್ರದ ಒಳಹೊಗುವುದು ಗಣಿತದಿಂದಲ್ಲ. ಅದನ್ನು ನಿರ್ಮಿಸಿದವನ ಬಾಳಿನ ಕಥೆಯನ್ನು ಓದಿ, ಅವನ ಸತ್ತ ಮಗನ ಹೆಸರೇ ಪದವೆಂದು ಊಹಿಸಿ. ನಮಗೆ ಪ್ರಿಯವಾದುದೇ ನಮ್ಮ ಬಾಯಿಗೆ ಮೊದಲು ಬರುವುದು. ಕಳ್ಳನಿಗೂ ಇದು ಗೊತ್ತು. ನಮ್ಮ ತರುಣರಲ್ಲಿ ನೆಚ್ಚಿನ ನಟನ ಹೆಸರಿಗೆ 123 ಸೇರಿಸಿ ಪದ ಮಾಡಿಕೊಳ್ಳುವವರಿದ್ದಾರೆ. ಅದೇ ನಟನ ಚಿತ್ರ ಅವರ ಬೈಕಿನ ಹಿಂದೆ ಅಂಟಿಸಿರುತ್ತದೆ. ಊರಿಗೆಲ್ಲ ಡಂಗುರ ಸಾರಿದ ಹಾಗೆ! ಅಭಿಮಾನ ಬೇರೆ, ಗುಟ್ಟು ಬೇರೆ. ಅಪ್ಪುವಿನ ಮೇಲಿನ ಪ್ರೀತಿ ಎದೆಯಲ್ಲಿರಲಿ, ಬೈಕಿನ ಮೇಲೆಯೂ ಇರಲಿ. ಬ್ಯಾಂಕಿನ ಬಾಗಿಲಲ್ಲಿ ಬೇಡ.

ಇಷ್ಟೆಲ್ಲ ಮಾಡಿದರೂ ಕಳವು ನಿಂತಿಲ್ಲವೇಕೆ? ನಮ್ಮ ಜಿಲ್ಲೆಯವರಿಗೆ ಇದರ ಉತ್ತರ ಗೊತ್ತಿರಬೇಕು. ಚಿತ್ರದುರ್ಗದ್ದು ಏಳುಸುತ್ತಿನ ಕೋಟೆ. ಹೈದರಾಲಿಯ ಸೈನ್ಯ ಗೋಡೆಯನ್ನು ಒಡೆಯಲಾರದೆ ಕುಳಿತಿದ್ದಾಗ, ಜನ ಓಡಾಡುತ್ತಿದ್ದ ಒಂದು ಕಿಂಡಿ ಕಣ್ಣಿಗೆ ಬಿದ್ದಿತೆಂದೂ, ಕಾವಲುಗಾರ ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ ಅವನ ಹೆಂಡತಿ ಓಬವ್ವ ಒನಕೆ ಹಿಡಿದು ನಿಂತಳೆಂದೂ ಐತಿಹ್ಯ. ನಮ್ಮ ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದ ತ. ರಾ. ಸು. ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ ಅವರು 1972ರಲ್ಲಿ ಮಾಡಿದ 'ನಾಗರಹಾವು' ಚಿತ್ರದಲ್ಲಿ ಜಯಂತಿಯವರು ಓಬವ್ವನಾಗಿ ನಿಂತದ್ದನ್ನು ನೋಡದ ಕನ್ನಡಿಗರು ವಿರಳ. ಇಂದಿನ ಕಳ್ಳನೂ ಕೋಟೆಯ ಗೋಡೆಯನ್ನು ಒಡೆಯಲು ಹೋಗುವುದಿಲ್ಲ. ಅವನು ಕಿಂಡಿಯನ್ನು ಹುಡುಕುವನು. ಆ ಕಿಂಡಿ ನಮ್ಮ ಬಾಯಿ. "ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ, ಕಾರ್ಡು ನಿಂತುಹೋಗುತ್ತದೆ, ಬಂದ ಸಂಖ್ಯೆ ಹೇಳಿ" ಎನ್ನುವನು. ಇಲ್ಲವೆ ಪೊಲೀಸಿನ ವೇಷ ಹಾಕಿ, ವೀಡಿಯೊ ಕರೆಯಲ್ಲಿ 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸುವನು. ಅಂಥ ಬಂಧನ ನಮ್ಮ ಯಾವ ಕಾನೂನಿನಲ್ಲಿಯೂ ಇಲ್ಲ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತುವುದು ಕೊಡುವುದಕ್ಕೆ ಮಾತ್ರ. ಈ ಒಂದು ಮಾತನ್ನು ನೆನಪಿಟ್ಟರೆ ಅರ್ಧ ಕಿಂಡಿ ಮುಚ್ಚಿದಂತೆ. ಮೋಸವಾದ ಕೂಡಲೆ 1930ಕ್ಕೆ ಕರೆ ಮಾಡತಕ್ಕದ್ದು. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟಿಹೋಗುತ್ತದೆ. ಪರರ ಪಾಸ್‌ವರ್ಡನ್ನು ವಂಚನೆಯಿಂದ ಬಳಸಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮಿನಂತೆ ಮೂರು ವರ್ಷದವರೆಗೆ ಸೆರೆಮನೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ.

ಆದರೆ ಇಲ್ಲಿಯವರೆಗೆ ಹೇಳಿದುದೆಲ್ಲ ಓದುಬರಹ ಬಲ್ಲವರ ಮಾತಾಯಿತು. ನಮ್ಮದು ಮೊಳಕಾಲ್ಮೂರು ಸೀಮೆಯ ನೇಕಾರರ ಮನೆ. ಪದವಿ ತರಗತಿಯವರೆಗೆ ಬಂದವರಲ್ಲಿ ನಾನೇ ಮೊದಲನೆಯವನು. ಇಂಥ ಮನೆಯಲ್ಲಿ ಮೊದಲು ಓದಿದವನು ಕೇರಿಗೆಲ್ಲ ಕರಣಿಕನಾಗುತ್ತಾನೆ. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಆರಂಭವಾದ ಮೇಲೆ ಬ್ಯಾಂಕಿನ ಕಡೆ ಹೆಚ್ಚಾಗಿ ತಲೆಹಾಕದಿದ್ದ ಹೆಂಗಸರೂ ಕಾರ್ಡು ಹಿಡಿದು ಬಂದರು. "ಮಗಾ, ನಂಗೆ ಈ ಅಂಕಿ ಗಿಂಕಿ ಎಲ್ಲಿ ತಿಳೀತೈತೆ? ನೀನೇ ಒತ್ತು" ಎಂದು ಕಾರ್ಡನ್ನೂ ಪಿನ್ ಬರೆದ ಚೀಟಿಯನ್ನೂ ಒಟ್ಟಿಗೆ ಕೈಗಿಡುವರು. ನಂಬಿಕೆಯೇನೋ ದೊಡ್ಡದು. ಆದರೆ ಓದಲಾರದವರ ಗುಟ್ಟು ಯಾವಾಗಲೂ ಇನ್ನೊಬ್ಬರ ಕೈಯಲ್ಲಿಯೇ ಇರಬೇಕಾದರೆ ಅದು ಗುಟ್ಟು ಹೇಗಾದೀತು? ನಮ್ಮ ಕೇರಿಯ ಅಜ್ಜಿಯೊಬ್ಬರಿಗೆ ಒಬ್ಬಾತ ತಿಂಗಳು ತಿಂಗಳೂ ಹಣ ತಂದುಕೊಡುತ್ತಿದ್ದ. ಅವನು ತಂದದ್ದು 1,500. ಪಾಸ್‌ಬುಕ್ಕಿನಲ್ಲಿ ತೆಗೆದದ್ದು 2,000. ತೋರಿಸಿದಾಗ ಅಜ್ಜಿ ಅಂದದ್ದು, "ಇರ್ಲಿ ಬಿಡು ಮಗಾ, ಬಸ್‌ಚಾರ್ಜು ಇಟ್ಕಂಡಿರಬೇಕು." ಆ ಊರಿನ ಬಸ್ಸಿಗೆ ಐನೂರು ರೂಪಾಯಿ ಆಗುವುದಿಲ್ಲವೆಂದು ಅಜ್ಜಿಗೂ ಗೊತ್ತಿತ್ತು. ಅವನು ಬಾರದಿದ್ದರೆ ಒಂದು ಸಾವಿರದ ಐನೂರೂ ಇಲ್ಲವೆಂಬುದೂ ಗೊತ್ತಿತ್ತು.

ಅಕ್ಷರ ಬಾರದವರಿಗೆ ನೆನಪಿಲ್ಲವೆಂದು ತಿಳಿಯುವುದು ಅನ್ಯಾಯ. ನಮ್ಮ ಅವ್ವ ಸೀರೆಯ ಅಂಚಿಗೆ ಎಷ್ಟು ಎಳೆ, ಸೆರಗಿನ ಹೂವಿಗೆ ಎಷ್ಟು ಎಳೆ ಎಂಬುದನ್ನು ಯಾವ ಪುಸ್ತಕವೂ ಇಲ್ಲದೆ ಹೇಳಬಲ್ಲಳು. ಚುಕ್ಕಿ ತಪ್ಪದೆ ರಂಗೋಲಿ ಇಡಬಲ್ಲಳು. ದನದ ಸಂತೆಯಲ್ಲಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವ ರೈತರನ್ನು ನೋಡಿರಿ: ನೂರು ಜನರ ನಡುವೆ ನಿಂತು, ಇಬ್ಬರಿಗಷ್ಟೇ ತಿಳಿಯುವಂತೆ ಸಾವಿರಗಳ ಲೆಕ್ಕ ಮುಗಿಸುವರು. ಗುಟ್ಟಿನ ವಿದ್ಯೆ ಇವರಿಗೆ ಹೊಸದಲ್ಲ. ಯಂತ್ರ ಮಾತ್ರ ಹೊಸದು. ಕಾರ್ಡಿನ ಯಂತ್ರದ ಮೇಲಿನ ಅಂಕಿಗಳು ಮೂರು ಮೂರರ ಸಾಲಿನಲ್ಲಿ, ಕೆಳಗೊಂದು ಸೊನ್ನೆಯೊಡನೆ, ರಂಗೋಲಿಯ ಚುಕ್ಕಿಗಳಂತೆಯೇ ಇವೆ. ಅದನ್ನು ಹಲಗೆಯ ಮೇಲೆ ಬರೆದು, ನೆಟ್ಟಗಿನ ಗೆರೆಯಾಗದ, ಮೂಲೆ ತಿರುಗುವ ಒಂದು ನಡಿಗೆಯನ್ನು ಬೆರಳಿಗೆ ಕಲಿಸಿದರೆ ಸಾಕು. ಅಂಕಿಯ ಹೆಸರು ತಿಳಿಯದಿದ್ದರೂ ನಡೆಯುತ್ತದೆ. ಅವ್ವ ಎರಡು ಸಂಜೆಗಳಲ್ಲಿ ಇದನ್ನು ಕಲಿತು, ತನಗೆ ಬೇಕಾದ ನಡಿಗೆಯನ್ನು ತಾನೇ ಗೊತ್ತುಮಾಡಿಕೊಂಡಳು. ಯಂತ್ರದ ಮುಂದೆ ನಿಂತಾಗ ಸೆರಗನ್ನು ಅಡ್ಡ ಹಿಡಿದು, "ನೀನೂ ಆ ಕಡೆ ತಿರುಗು" ಎಂದಳು. ನಾನು ತಿರುಗಿ ನಿಂತೆ. ಅವಳ ಪಿನ್ ನನಗೆ ಇಂದಿಗೂ ತಿಳಿಯದು.

ಆದುದರಿಂದ ಸಹಪಾಠಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ನಿಮ್ಮ ಪದಗಳು ಉದ್ದವಾಗಿರಲಿ, ಒಂದೊಂದು ಬಾಗಿಲಿಗೂ ಬೇರೆಯಾಗಿರಲಿ, ಸಂಖ್ಯೆ ಕೇಳುವ ಕರೆಗಳನ್ನು ಅಲ್ಲಿಗೇ ನಿಲ್ಲಿಸಿರಿ. ಇದು ನಿಮ್ಮ ಸ್ವಂತದ ಕ್ಷೇಮಕ್ಕೆ. ಆದರೆ ಹಳ್ಳಿಗೆ ಹೋದಾಗ ನಿಮ್ಮ ಕೈಗೆ ಒಂದು ಚೀಟಿ ಬಂದರೆ, ಅಂಕಿ ಒತ್ತಿ ಹಣ ಎಣಿಸಿಕೊಟ್ಟು ಪುಣ್ಯ ಬಂದಿತೆಂದು ತಿಳಿಯಬೇಡಿರಿ. ಎರಡು ಸಂಜೆ ಅವರ ಪಕ್ಕದಲ್ಲಿ ಕುಳಿತು, ಆ ಚೀಟಿ ಬೇಡವಾಗುವಂತೆ ಮಾಡಿರಿ. ಓದಿದವನು ಊರಿನ ಗುಟ್ಟುಗಳಿಗೆಲ್ಲ ಬೀಗದಕೈ ಆಗಿ ಉಳಿಯುವುದು ಸುಲಭ, ಅದರಲ್ಲಿ ಮರ್ಯಾದೆಯೂ ಉಂಟು. ಆದರೂ ಅವರವರ ಬೀಗದಕೈಯನ್ನು ಅವರವರ ಸೆರಗಿನ ಗಂಟಿಗೇ ಮರಳಿ ಕಟ್ಟುವುದು ನಮ್ಮ ವಿದ್ಯೆಗೆ ತಕ್ಕ ಕೆಲಸ.